ಗಟ್ಟಿ ರತ್ನಶಿಲೆಗಳ ಕೆತ್ತನೆ ಮತ್ತು ಸಾಣೆ: ಗೃಹ ಕಾರ್ಯಾಗಾರ ನಡೆಸುವವರಿಗೆ ಮಾಹಿತಿ

ಅಗೇಟ್, ಜಾಸ್ಪರ್, ಸ್ಫಟಿಕ, ಅಮೆಥಿಸ್ಟ್ ಮುಂತಾದ ಗಟ್ಟಿ ಕಲ್ಲುಗಳನ್ನು ಮನೆಯಲ್ಲಿಯೇ ಕೆತ್ತಿ ಹೊಳಪು ನೀಡುವ ಕಸುಬನ್ನು ಕೈಗೊಂಡಿರುವ ಅಥವಾ ಕೈಗೊಳ್ಳಲು ಇಚ್ಛಿಸುವ ನಾಗರಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ. ನೋಂದಣಿ ಹಾಗೂ ಸಾಲ ಸೌಲಭ್ಯದ ವಿವರಗಳನ್ನು ಕೊನೆಯಲ್ಲಿ ನೀಡಲಾಗಿದೆ. ಅರ್ಜಿ ಸಲ್ಲಿಸುವ ಮುನ್ನ ಧೂಳಿಗೆ ಸಂಬಂಧಿಸಿದ ಭಾಗವನ್ನು ಅವಶ್ಯವಾಗಿ ಓದತಕ್ಕದ್ದು.

ಕಲ್ಲಿನ ಗಡಸುತನ

ಖನಿಜಗಳ ಗಡಸುತನವನ್ನು 1ರಿಂದ 10ರವರೆಗಿನ ಮೋಸ್ ಮಾನದಲ್ಲಿ ಸೂಚಿಸಲಾಗುತ್ತದೆ. ಚಾಕುವಿನ ಉಕ್ಕು ಈ ಮಾನದಲ್ಲಿ ಸುಮಾರು 5.5, ಅಗೇಟ್ 6.5ರಿಂದ 7, ಮಾಣಿಕ್ಯ ಮತ್ತು ನೀಲಗಳ ಮೂಲ ಖನಿಜವಾದ ಕುರುಂದ 9, ವಜ್ರ 10. ಆದುದರಿಂದ ಈ ಕಲ್ಲುಗಳ ಮೇಲೆ ಉಳಿ ನಡೆಯದು. ಕೆತ್ತನೆಯೆಂದು ಕರೆಯಲಾಗುವ ಕೆಲಸವು ವಾಸ್ತವದಲ್ಲಿ ಹೆಚ್ಚು ಗಡಸಾದ ಪುಡಿಯಿಂದ ಕಲ್ಲನ್ನು ಸವೆಸುವ ಕೆಲಸವೇ ಆಗಿದೆ. ಸವೆದ ಭಾಗವೆಲ್ಲ ಧೂಳಾಗುತ್ತದೆ ಎಂಬುದನ್ನು ಆರಂಭದಲ್ಲಿಯೇ ಗಮನಿಸಬೇಕು.

ಕೆಲಸದ ಕ್ರಮ

ಮೊದಲಿಗೆ ವಜ್ರದ ಕಣಗಳುಳ್ಳ ಗರಗಸದಿಂದ ನೀರು ಹಾಯಿಸುತ್ತ ಕಲ್ಲನ್ನು ಸೀಳಲಾಗುತ್ತದೆ. ಬಿರುಕು ಇರುವ ತುಂಡುಗಳನ್ನು ಈ ಹಂತದಲ್ಲಿಯೇ ಬದಿಗಿಡುವುದು ಲಾಭಕರ. ಚಿಕ್ಕ ತುಂಡನ್ನು ಬೆರಳಿನಲ್ಲಿ ಹಿಡಿಯುವುದು ಅಪಾಯಕರವಾದುದರಿಂದ ಅದನ್ನು ಬಿಸಿ ಮಾಡಿದ ಅರಗಿನಿಂದ ಕಡ್ಡಿಯ ತುದಿಗೆ ಅಂಟಿಸಿ, ತಿರುಗುವ ಚಕ್ರಕ್ಕೆ ಒಡ್ಡಲಾಗುತ್ತದೆ. ಅರಗಿನೊಡನೆ ಕುರುಂದದ ಪುಡಿ ಬೆರೆಸಿ ಎರಕ ಹೊಯ್ದ ಸಾಣೆ ಚಕ್ರಗಳು ನಮ್ಮ ದೇಶದಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ. ಈಗ ವಜ್ರಲೇಪಿತ ಮತ್ತು ಸಿಲಿಕಾನ್ ಕಾರ್ಬೈಡ್ ಚಕ್ರಗಳು ಹೆಚ್ಚು ಪ್ರಚಾರದಲ್ಲಿವೆ.

ಸಾಮಾನ್ಯವಾಗಿ 80 ಅಥವಾ 100ನೇ ಸಂಖ್ಯೆಯ ಒರಟು ಪುಡಿಯಿಂದ ಆಕಾರ ನೀಡಿ, ಬಳಿಕ 220, 600, 1200 ಎಂದು ನಯವಾದ ಪುಡಿಗಳಿಗೆ ಸಾಗಬೇಕು. ಪ್ರತಿ ಹಂತವೂ ಹಿಂದಿನ ಹಂತದ ಗೀರುಗಳನ್ನು ಅಳಿಸಬೇಕಷ್ಟೆ. ಹಂತ ಬದಲಿಸುವಾಗ ಕಲ್ಲು, ಕೈ ಮತ್ತು ತಟ್ಟೆಗಳನ್ನು ಚೆನ್ನಾಗಿ ತೊಳೆಯದಿದ್ದರೆ, ಉಳಿದುಹೋದ ಒಂದೇ ಒರಟು ಕಣವು ದಿನದ ದುಡಿಮೆಯನ್ನು ಹಾಳುಮಾಡಬಲ್ಲದು. ಕೊನೆಯ ಹೊಳಪಿಗೆ ಸ್ಫಟಿಕ ವರ್ಗದ ಕಲ್ಲುಗಳಿಗೆ ಒದ್ದೆ ಚರ್ಮ ಅಥವಾ ಉಣ್ಣೆಯ ಫೆಲ್ಟ್ ಮೇಲೆ ಸೀರಿಯಂ ಆಕ್ಸೈಡ್ ಬಳಸಲಾಗುತ್ತದೆ. ಕುರುಂದಕ್ಕೆ ವಜ್ರದ ಪುಡಿಯೇ ಬೇಕು.

ಹಳೆಯ ಮೈಸೂರು ಭಾಗದಲ್ಲಿ ದೊರೆಯುವ ನಕ್ಷತ್ರ ಮಾಣಿಕ್ಯವನ್ನು ಗುಮ್ಮಟದಾಕಾರಕ್ಕೆ ಮಾತ್ರ ಸಾಣೆ ಹಿಡಿಯಬೇಕು. ಹರಳಿನ ಉದ್ದ ಅಕ್ಷವು ಗುಮ್ಮಟದ ನೆತ್ತಿಯ ಮೂಲಕ ನೇರವಾಗಿ ಹಾಯದಿದ್ದರೆ ನಕ್ಷತ್ರವು ಬದಿಗೆ ಸರಿಯುತ್ತದೆ ಮತ್ತು ಬೆಲೆಯೂ ಇಳಿಯುತ್ತದೆ.

ಖಂಭಾತಿನ ಅನುಭವ

ಈ ಕಸುಬು ಮನೆಮನೆಯ ಉದ್ಯೋಗವಾಗಿ ಬೆಳೆದ ಪ್ರಸಿದ್ಧ ಸ್ಥಳ ಗುಜರಾತಿನ ಖಂಭಾತ್. ಅದಕ್ಕೆ ಸಮೀಪದ ಪ್ರದೇಶದಲ್ಲಿರುವ ಲೋಥಲ್‌ನಲ್ಲಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಕಲಿತ ಪುರಾತತ್ತ್ವಜ್ಞ ಎಸ್.ಆರ್. ರಾವ್ ಅವರು 1950ರ ದಶಕದಲ್ಲಿ ಆರಂಭಿಸಿದ ಉತ್ಖನನದಲ್ಲಿ ಹರಪ್ಪ ಕಾಲದ ಮಣಿ ತಯಾರಿಕಾ ಕಾರ್ಯಾಗಾರವು ಬೆಳಕಿಗೆ ಬಂದಿತು. ಖಂಭಾತಿನ ಕುಶಲಕರ್ಮಿಗಳು ರತನಪುರ ಭಾಗದ ಕಲ್ಲನ್ನು ಬಿಸಿಲಿನಲ್ಲಿ ಒಣಗಿಸಿ, ಮಡಕೆಗಳಲ್ಲಿಟ್ಟು ನಿಧಾನವಾಗಿ ಕಾಯಿಸುತ್ತಾರೆ. ಆಗ ಕಲ್ಲಿನೊಳಗಿನ ಕಬ್ಬಿಣದ ಅಂಶವು ಕೆಂಪಾಗಿ ಕಾರ್ನೀಲಿಯನ್ ಎಂಬ ಕೆಂಗಲ್ಲು ಸಿದ್ಧವಾಗುತ್ತದೆ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಲ್ಲನ್ನು ಒತ್ತಿ ಹಿಡಿದು, ಕೊಂಬಿನ ತಲೆಯುಳ್ಳ ಸುತ್ತಿಗೆಯಿಂದ ಹಗುರವಾಗಿ ಬಡಿದು ಚಕ್ಕೆ ತೆಗೆಯುವ ಅವರ ವಿಧಾನವು ಪುರಾತತ್ತ್ವಜ್ಞರಿಗೂ ಅಧ್ಯಯನದ ವಿಷಯವಾಗಿದೆ.

ಅದೇ ಊರು ಸಿಲಿಕೋಸಿಸ್ ಕಾಯಿಲೆಗೂ ಹೆಸರಾಗಿರುವುದು ವಿಷಾದದ ಸಂಗತಿ. ವಿದ್ಯುತ್ ಎಮೆರಿ ಚಕ್ರಗಳ ಮೇಲೆ ಒಣಗಲ್ಲನ್ನು ಉಜ್ಜುವ ಪದ್ಧತಿಯಿಂದ ಎದ್ದ ಧೂಳು ಉಜ್ಜುವವರನ್ನು ಮಾತ್ರವಲ್ಲದೆ, ಅದೇ ಮನೆಯಲ್ಲಿ ವಾಸಿಸುವ ಹೆಂಗಸರು, ಮಕ್ಕಳು ಮತ್ತು ನೆರೆಹೊರೆಯವರನ್ನೂ ತಲುಪಿತು.

ಧೂಳು ಮತ್ತು ಸಿಲಿಕೋಸಿಸ್

ಅಗೇಟ್ ಮತ್ತು ಸ್ಫಟಿಕಗಳು ಬಹುತೇಕ ಶುದ್ಧ ಸಿಲಿಕಾ. ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ ಸೂಕ್ಷ್ಮ ಕಣಗಳೇ ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿ ಗಾಯದ ಕಲೆಗಳನ್ನು ಉಂಟುಮಾಡುತ್ತವೆ. ಈ ಕಾಯಿಲೆಯನ್ನು ಗುಣಪಡಿಸುವ ಔಷಧಿ ಇಲ್ಲ. ಕೆಲಸ ಬಿಟ್ಟ ನಂತರವೂ ಅದು ಮುಂದುವರಿಯಬಹುದು. ಕ್ಷಯರೋಗ ತಗಲುವ ಸಂಭವವೂ ಹೆಚ್ಚುತ್ತದೆ. ಎರಡೂ ಕಾಯಿಲೆಗಳಲ್ಲಿ ಕೆಮ್ಮು, ಉಬ್ಬಸ, ತೂಕ ಇಳಿಕೆ ಕಾಣಬಹುದಾದುದರಿಂದ, ವೈದ್ಯರು ಕೇಳದಿದ್ದರೂ ರೋಗಿಯು ತನ್ನ ಕಸುಬು ಮತ್ತು ಅದನ್ನು ಮಾಡಿದ ವರ್ಷಗಳನ್ನು ತಾನಾಗಿಯೇ ತಿಳಿಸತಕ್ಕದ್ದು.

ಸಿಲಿಕೋಸಿಸ್ ಅನ್ನು 1948ರ ಕಾರ್ಖಾನೆಗಳ ಕಾಯ್ದೆಯು ಅಧಿಸೂಚಿತ ರೋಗಗಳ ಪಟ್ಟಿಗೆ ಸೇರಿಸಿತ್ತು. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿಯೂ ಅದು ಇದೆ. ಆದರೆ ಕುಟುಂಬದವರೇ ದುಡಿಯುವ ಮನೆಯಲ್ಲಿ ಮಾಲೀಕನೆಂಬ ಬೇರೊಬ್ಬ ವ್ಯಕ್ತಿ ಇಲ್ಲದಿರುವುದರಿಂದ ಪರಿಹಾರ ಕೇಳಲು ಎದುರು ಪಕ್ಷವೇ ಇರುವುದಿಲ್ಲ. ಆದ್ದರಿಂದ ರಕ್ಷಣೆಯ ಹೊಣೆ ಪೂರ್ತಿಯಾಗಿ ಕೆಲಸಗಾರನ ಮೇಲೆಯೇ ಬೀಳುತ್ತದೆ.

ಪಾಲಿಸಬೇಕಾದ ಕ್ರಮಗಳು

ಯಾವುದೇ ಹಂತದಲ್ಲಿ ಕಲ್ಲನ್ನು ಒಣಗಿದ್ದಂತೆ ಉಜ್ಜಬಾರದು; ಕಲ್ಲು ಮತ್ತು ಚಕ್ರ ಸೇರುವ ಜಾಗಕ್ಕೆ ನೀರು ಎಡೆಬಿಡದೆ ಬೀಳುತ್ತಿರಬೇಕು. ನೀರು ಗೀರುಗಳನ್ನು ಮರೆಮಾಚುತ್ತದೆ ಎಂಬ ಆಕ್ಷೇಪಣೆ ನಿಜ. ಅದಕ್ಕೆ ಪರಿಹಾರವು ಚಕ್ರ ನಿಲ್ಲಿಸಿ ಕಲ್ಲನ್ನು ಒರೆಸಿ ನೋಡುವುದೇ ಹೊರತು ನೀರು ನಿಲ್ಲಿಸುವುದಲ್ಲ. ನೀರು ಕಲ್ಲನ್ನು ಕಾವಿನಿಂದ ಸೀಳದಂತೆಯೂ ಕಾಪಾಡುತ್ತದೆ.

ಚಕ್ರದ ಅಡಿಯಲ್ಲಿ ಸಂಗ್ರಹವಾಗುವ ಕೆಸರು ಒಣಗಿದರೆ ಮತ್ತೆ ಧೂಳಾಗುವುದು. ಅದನ್ನು ಹಸಿಯಾಗಿರುವಾಗಲೇ ತೆಗೆದು, ಚೀಲದಲ್ಲಿ ಕಟ್ಟಿ ವಿಲೇವಾರಿ ಮಾಡಬೇಕು; ಬಚ್ಚಲಿಗೆ ಸುರಿಯಬಾರದು. ನೆಲವನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಕೆಲಸದ ಬಟ್ಟೆಗಳನ್ನು ಕಾರ್ಯಾಗಾರದಲ್ಲಿಯೇ ಬದಲಿಸಿ ಪ್ರತ್ಯೇಕವಾಗಿ ಒಗೆಯತಕ್ಕದ್ದು. ಅಡುಗೆ ಮಾಡುವ, ಮಕ್ಕಳು ಮಲಗುವ ಕೋಣೆಯಲ್ಲಿ ಚಕ್ರ ಸ್ಥಾಪಿಸಬಾರದು. ಮೂಗಿಗೆ ಕಟ್ಟಿದ ವಸ್ತ್ರ ಸೂಕ್ಷ್ಮ ಕಣಗಳನ್ನು ತಡೆಯುವುದಿಲ್ಲ. ಎನ್-95 ಮುಖಗವಸು ನೀರಿನ ಜೊತೆಗೆ ಬಳಸಬೇಕಾದ ಸಾಧನವೇ ಹೊರತು ನೀರಿಗೆ ಬದಲಿಯಲ್ಲ. ನೀರು ಮತ್ತು ವಿದ್ಯುತ್ ಒಂದೆಡೆ ಇರುವುದರಿಂದ ಭೂಸಂಪರ್ಕ ಹಾಗೂ ಸೋರಿಕೆ ಪ್ರವಾಹ ತಡೆಯುವ ಸ್ವಿಚ್ ಕಡ್ಡಾಯವೆಂದೇ ತಿಳಿಯಬೇಕು.

ನೋಂದಣಿ ಮತ್ತು ಸೌಲಭ್ಯ

ಕಿರು ಉದ್ಯಮವಾಗಿ ಗುರುತಿಸಲ್ಪಡಲು ಉದ್ಯಮ್ ಜಾಲತಾಣದಲ್ಲಿ ಆಧಾರ್ ಸಂಖ್ಯೆಯ ಮೂಲಕ ನೋಂದಾಯಿಸಬಹುದು. 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿಗೆ ಶುಲ್ಕವಿಲ್ಲ. ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬಾರದು. ಕುಶಲಕರ್ಮಿಗಳ ಗುರುತಿನ ಚೀಟಿಯನ್ನು ಕೇಂದ್ರ ಜವಳಿ ಸಚಿವಾಲಯದ ಅಭಿವೃದ್ಧಿ ಆಯುಕ್ತರ (ಕರಕುಶಲ) ಕಚೇರಿ ನೀಡುತ್ತದೆ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಶಿಲ್ಪಿ ಹಾಗೂ ಕಲ್ಲು ಕೆತ್ತುವವರು ಸೇರಿದ್ದಾರೆ. ರತ್ನಶಿಲೆಗೆ ಸಾಣೆ ಹಿಡಿಯುವ ಕೆಲಸವನ್ನು ಪ್ರತ್ಯೇಕವಾಗಿ ಹೆಸರಿಸಿಲ್ಲವಾದುದರಿಂದ, ಕೆತ್ತನೆ ಮಾಡುವವರು ತಮ್ಮ ಕೆಲಸದ ಸ್ವರೂಪವನ್ನು ಪರಿಶೀಲನೆಯ ವೇಳೆ ವಿವರಿಸುವುದು ಸೂಕ್ತ. ಅರ್ಹರಿಗೆ ತರಬೇತಿ, ರೂ. 15,000ದವರೆಗಿನ ಉಪಕರಣ ನೆರವು, ಹಾಗೂ ಎರಡು ಕಂತುಗಳಲ್ಲಿ ಒಟ್ಟು ರೂ. 3 ಲಕ್ಷದವರೆಗೆ ಆಧಾರರಹಿತ ಸಾಲವು ಶೇ. 5ರ ಬಡ್ಡಿಯಲ್ಲಿ ದೊರೆಯುತ್ತದೆ. ಉಪಕರಣ ನೆರವಿನಲ್ಲಿ ನೀರು ಹಾಯಿಸುವ ಏರ್ಪಾಡುಳ್ಳ ಯಂತ್ರಕ್ಕೆ ಆದ್ಯತೆ ನೀಡುವುದು ಒಳಿತು. ಒಂದು ಕುಟುಂಬದ ಒಬ್ಬ ಸದಸ್ಯರಿಗೆ ಮಾತ್ರ ಅವಕಾಶವಿದ್ದು, 18 ವರ್ಷ ತುಂಬಿರಬೇಕು. ಸರ್ಕಾರಿ ಸೇವೆಯಲ್ಲಿರುವವರು ಮತ್ತು ಅವರ ಕುಟುಂಬದವರು ಅರ್ಹರಲ್ಲ. ಅರ್ಜಿಯನ್ನು ಸಾಮಾನ್ಯ ಸೇವಾ ಕೇಂದ್ರದ ಮೂಲಕ ಸಲ್ಲಿಸತಕ್ಕದ್ದು.