ಬಾಯಿಯ ವಾಸನೆಯೊಂದೇ ಸಾಕೇ?

1949ರ ಮುಂಬಯಿ ಪಾನನಿರೋಧ ಕಾಯ್ದೆ ನಮಗೆ ದೂರದ್ದೇನಲ್ಲ. 1956ರವರೆಗೆ ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ ಮುಂಬಯಿ ರಾಜ್ಯದಲ್ಲೇ ಇದ್ದವು. ಪರವಾನಗಿಯಿಲ್ಲದೆ ಮದ್ಯ ಕುಡಿಯುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ಆ ಕಾಯ್ದೆಯಲ್ಲಿ ಅಪರಾಧ. ಸಿಕ್ಕ ಮಾಲಿಗೆ ತೃಪ್ತಿಕರ ಸಮಜಾಯಿಷಿ ಕೊಡದಿದ್ದರೆ ಆತನೇ ತಪ್ಪಿತಸ್ಥನೆಂದು ಊಹಿಸಲು 103ನೇ ಸೆಕ್ಷನ್ ಅವಕಾಶ ನೀಡಿತ್ತು.

1951ರ ಮೇ 25ರಂದು ಸುಪ್ರೀಂ ಕೋರ್ಟ್ ಬಲ್ಸಾರಾ ಪ್ರಕರಣದಲ್ಲಿ ಈ ಕಾಯ್ದೆಯ ಬಹುಭಾಗವನ್ನು ಎತ್ತಿಹಿಡಿಯಿತು. ಆದರೆ ಆಲ್ಕೋಹಾಲ್ ಬೆರೆತ ಔಷಧಿ ಮತ್ತು ಪ್ರಸಾಧನ ದ್ರವ್ಯಗಳನ್ನು ಇಟ್ಟುಕೊಳ್ಳುವ, ಬಳಸುವ ನಿಷೇಧವನ್ನು ರದ್ದುಮಾಡಿತು. ನಾಲ್ಕೇ ದಿನಗಳ ನಂತರ, ಮೇ 29ರ ರಾತ್ರಿ, ಮುಂಬಯಿಯ ಕೊಲಾಬಾ ಬಳಿ ಜೀಪೊಂದು ಮೂವರಿಗೆ ಬಡಿಯಿತು. ನಡೆಸುತ್ತಿದ್ದವರು ಪ್ರಾದೇಶಿಕ ಸಾರಿಗೆ ಅಧಿಕಾರಿ! ಬಾಯಿಂದ ಮದ್ಯದ ವಾಸನೆ ಬರುತ್ತಿತ್ತು. ಆದರೆ ಮಾತು ಸ್ಪಷ್ಟವಾಗಿತ್ತು, ನಡಿಗೆ ನೇರವಾಗಿತ್ತು ಎಂದು ವೈದ್ಯರು ಹೇಳಿದರು. ತಾನು ಸೇವಿಸಿದ್ದು ಬಿ.ಜಿ. ಫಾಸ್ ಎಂಬ ಟಾನಿಕ್ ಎಂಬುದು ಅಧಿಕಾರಿಯ ವಾದ.

ಮ್ಯಾಜಿಸ್ಟ್ರೇಟರು ಬಿಡುಗಡೆ ಮಾಡಿದರು. ಸರಕಾರದ ಮೇಲ್ಮನವಿಯ ಮೇಲೆ ಹೈಕೋರ್ಟ್ ಪಾನನಿರೋಧದ ಆರೋಪದಲ್ಲಿ ಒಂದು ತಿಂಗಳ ಕಠಿಣ ಸಜೆ, 500 ರೂಪಾಯಿ ದಂಡ ವಿಧಿಸಿತು. ಔಷಧಿಯೇ ಎಂದು ಆರೋಪಿ ರುಜುವಾತು ಮಾಡಲಿಲ್ಲ ಎಂಬುದು ಕಾರಣ.

ಪೆಸಿಕಾಕಾ ಪ್ರಕರಣವೆಂದು ಹೆಸರಾದ ಮೇಲ್ಮನವಿ ಹುಟ್ಟಿದ್ದು ಹೀಗೆ. ಸುಪ್ರೀಂ ಕೋರ್ಟಿನಲ್ಲಿ ಮೊದಲು ನ್ಯಾಯಮೂರ್ತಿಗಳೊಳಗೇ ಒಮ್ಮತವಿರಲಿಲ್ಲ. ಕೊನೆಗೆ ವಿಷಯ ಸಂವಿಧಾನ ಪೀಠದ ಮುಂದೆ ಬಂತು. 1954ರ ಸೆಪ್ಟೆಂಬರಿನಲ್ಲಿ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಅವರಿದ್ದ ಬಹುಮತದ ನಿಲುವು ನೇರವಾಗಿತ್ತು: ಸಂವಿಧಾನಬಾಹಿರವೆಂದು ಬಿದ್ದುಹೋದ ಭಾಗ ಕಾನೂನಿನಲ್ಲಿ ಇಲ್ಲವೆಂದೇ ತಿಳಿಯಬೇಕು. ಉಳಿದದ್ದು ನಿಷಿದ್ಧ ಮದ್ಯದ ಸೇವನೆ ಮಾತ್ರ. ಹಾಗಿದ್ದರೆ ಕುಡಿದದ್ದು ಅಂಥ ಮದ್ಯವೇ ಎಂದು ತೋರಿಸುವ ಹೊಣೆ ಪೊಲೀಸರದ್ದು. ಬರಿಯ ವಾಸನೆ ಅದನ್ನು ಹೇಳುವುದಿಲ್ಲ. ನ್ಯಾ. ಎಸ್.ಆರ್. ದಾಸ್ ಒಪ್ಪಲಿಲ್ಲ, ವಿನಾಯಿತಿ ಬೇಕೆನ್ನುವವನೇ ಅದನ್ನು ಸಾಬೀತುಪಡಿಸಲಿ ಎಂದರು. ಅಧಿಕಾರಿ ಖುಲಾಸೆಯಾದರು.

ದಾಸ್ ಅವರ ಮಾತಿನಲ್ಲೂ ತಿರುಳಿತ್ತು. ತಾನು ಕುಡಿದದ್ದೇನೆಂದು ಕುಡಿದವನಿಗಲ್ಲದೆ ಇನ್ನಾರಿಗೆ ಗೊತ್ತು? ಆದರೂ ಬಹುಮತದ ದಾರಿಯೇ ಸರಿ ಎಂದು ನನಗನಿಸುತ್ತದೆ. ಟಾನಿಕ್ ಬಾಟಲಿ ಇಟ್ಟುಕೊಂಡ ಬಡವ ವಕೀಲರನ್ನು ಹಿಡಿದು ದಿಲ್ಲಿಯವರೆಗೆ ಹೋಗಲಾರ. ಪಾನನಿರೋಧವನ್ನು ಮನಸಾರೆ ಒಪ್ಪುವವರೂ ಅವನನ್ನು ನೆನೆಯಬೇಕು.

ಸರಕಾರ ಸುಮ್ಮನಿರಲಿಲ್ಲ. 1959ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು: ರಕ್ತದಲ್ಲಿ ಆಲ್ಕೋಹಾಲ್ ಶೇ. 0.05 ಅಥವಾ ಹೆಚ್ಚಿದ್ದರೆ, ಅದು ಔಷಧಿಯದ್ದೆಂದು ಆರೋಪಿಯೇ ಸಾಧಿಸಬೇಕು. ಅಷ್ಟರಲ್ಲಿ ನಮ್ಮ ನಾಲ್ಕು ಜಿಲ್ಲೆಗಳು ಮೈಸೂರು ರಾಜ್ಯ ಸೇರಿಯಾಗಿತ್ತು.