ಅಕ್ಷರ ತಿದ್ದಿಸಿದ ಬಿಷಪ್

ಸ್ಲಾವ್ ಜನರ ಲಿಪಿಯ ಮಾತು ಬಂದಾಗ ಚರಿತ್ರೆಯ ಪುಸ್ತಕಗಳು ಸಿರಿಲ್, ಮೆಥೋಡಿಯಸ್ ಎಂಬ ಅಣ್ಣತಮ್ಮಂದಿರ ಹೆಸರು ಹೇಳಿ ಮುಂದೆ ಸಾಗಿಬಿಡುತ್ತವೆ. ನನಗೆ ಮಾತ್ರ ಅವರ ಶಿಷ್ಯ ಕ್ಲೆಮೆಂಟನ ಮೇಲೆ ಹೆಚ್ಚು ಮಮತೆ. ಗುರುಗಳು ಹೋದ ಮೇಲೆ ಅಳಿದುಹೋಗಲಿದ್ದ ವಿದ್ಯೆಯನ್ನು ಉಳಿಸಿಕೊಟ್ಟವನು ಅವನು.

ಆ ಸಹೋದರರು 863ರ ಸುಮಾರಿಗೆ ಬೈಜಾಂಟೈನ್ ಸಾಮ್ರಾಜ್ಯದಿಂದ ಮೊರಾವಿಯಾಕ್ಕೆ ಧರ್ಮಬೋಧೆಗೆಂದು ಹೋದವರು. ಸ್ಲಾವ್ ನುಡಿಗೆ ತಕ್ಕ ಲಿಪಿ ಇರಲಿಲ್ಲವೆಂದು ಸಿರಿಲ್ ಗ್ಲಾಗೊಲಿಟಿಕ್ ಎಂಬ ಅಕ್ಷರಮಾಲೆಯನ್ನೇ ಕಟ್ಟಿದ. ಪ್ರಾರ್ಥನೆ ಜನರ ಮಾತಿಗೆ ಬಂತು. ಹೀಬ್ರೂ, ಗ್ರೀಕ್, ಲ್ಯಾಟಿನ್ ಬಿಟ್ಟು ಬೇರೆ ಭಾಷೆ ದೇವರಿಗೆ ಸಲ್ಲದು ಎನ್ನುತ್ತಿದ್ದವರಿಗೆ ಇದನ್ನು ಸಹಿಸಲಾಗಲಿಲ್ಲ. ಸಿರಿಲ್ 869ರಲ್ಲಿ ರೋಮಿನಲ್ಲಿ ತೀರಿಕೊಂಡ. ಆರ್ಚ್‌ಬಿಷಪ್ ಆದ ಮೆಥೋಡಿಯಸ್‌ನನ್ನು ಬವೇರಿಯಾದ ಬಿಷಪ್ಪರು ಎರಡೂವರೆ ವರ್ಷ ಸೆರೆಯಲ್ಲಿಟ್ಟರು. ಅವನೂ 885ರಲ್ಲಿ ಕಣ್ಣುಮುಚ್ಚಿದ ಮೇಲೆ ಶಿಷ್ಯರಿಗೆ ದಿಕ್ಕಿಲ್ಲದಂತಾಯಿತು. ಪೋಪ್ ಐದನೆಯ ಸ್ಟೀಫನ್ ಸ್ಲಾವ್ ಭಾಷೆಯ ಪೂಜೆಯನ್ನು ನಿಷೇಧಿಸಿದ. ಕಿರಿಯರಲ್ಲಿ ಕೆಲವರನ್ನು ಗುಲಾಮರನ್ನಾಗಿ ಮಾರಿದರು; ಹಿರಿಯರನ್ನು ಚಳಿಗಾಲದಲ್ಲಿ ಬಟ್ಟೆ ಕಿತ್ತುಕೊಂಡು ನಾಡಿನಾಚೆಗೆ ಅಟ್ಟಿದರು.

ಕ್ಲೆಮೆಂಟ್, ನೌಮ್, ಆಂಜೆಲಾರ್ ಎಂಬ ಮೂವರು ಮರದ ದಿಮ್ಮಿಗಳನ್ನು ಬಿಗಿದ ತೆಪ್ಪದಲ್ಲಿ ಡ್ಯಾನ್ಯೂಬ್ ನದಿ ದಾಟಿ ಬೆಲ್‌ಗ್ರೇಡ್ ಸೇರಿದರು. ಅದು ಆಗ ಬಲ್ಗೇರಿಯದ ದೊರೆ ಬೋರಿಸನ ಗಡಿಪಟ್ಟಣ. ಬೋರಿಸ್ ಕ್ರೈಸ್ತನಾಗಿ ಇಪ್ಪತ್ತು ವರ್ಷವಾಗಿತ್ತು. ಅವನ ನಾಡಿನಲ್ಲಿ ಪೂಜೆಯೆಲ್ಲ ಗ್ರೀಕಿನಲ್ಲಿ, ಪಾದ್ರಿಗಳೂ ಗ್ರೀಕರೇ. ಅವರೊಡನೆ ಕಾನ್‌ಸ್ಟಾಂಟಿನೋಪಲ್ಲಿನ ಅಧಿಕಾರವೂ ಬರುತ್ತದೆಂಬ ಆತಂಕ ದೊರೆಗೆ ಇದ್ದೇ ಇತ್ತು. ನಿರಾಶ್ರಿತರನ್ನು ಅವನು ಆದರದಿಂದ ಕಂಡದ್ದರಲ್ಲಿ ಭಕ್ತಿಯೆಷ್ಟೋ ರಾಜಕಾರಣವೂ ಅಷ್ಟೇ ಇತ್ತೆಂದು ನನ್ನ ಎಣಿಕೆ. ಆಂಜೆಲಾರ್ ಬೇಗನೆ ತೀರಿಕೊಂಡ. ಕ್ಲೆಮೆಂಟನನ್ನು 886ರಲ್ಲಿ ರಾಜ್ಯದ ನೈರುತ್ಯ ಮೂಲೆಗೆ, ಓಹ್ರಿದ್ ಸರೋವರದ ಸೀಮೆಗೆ, ಉಪಾಧ್ಯಾಯನನ್ನಾಗಿ ಕಳಿಸಿದರು.

ಅಲ್ಲಿ ಏಳು ವರ್ಷಗಳಲ್ಲಿ 3,500 ಮಂದಿಗೆ ವಿದ್ಯೆ ಕಲಿಸಿದನೆಂದು ಅವನ ಚರಿತ್ರೆ ಹೇಳುತ್ತದೆ. ಲೆಕ್ಕದಲ್ಲಿ ಭಕ್ತಿಯ ಉತ್ಪ್ರೇಕ್ಷೆ ಇದ್ದೀತು. ಆದರೆ ಅದೇ ಪುಸ್ತಕದ ಇನ್ನೊಂದು ವಿವರ ಉತ್ಪ್ರೇಕ್ಷೆಯಂತೆ ಕಾಣುವುದಿಲ್ಲ: ಅವನು ಒಬ್ಬ ಹುಡುಗನಿಗೆ ಅಕ್ಷರದ ರೂಪ ತೋರಿಸುತ್ತಿದ್ದ, ಇನ್ನೊಬ್ಬನಿಗೆ ಓದಿದ್ದರ ಅರ್ಥ ಬಿಡಿಸುತ್ತಿದ್ದ, ಮತ್ತೊಬ್ಬನ ಕೈಯನ್ನು ಬರವಣಿಗೆಗೆ ಪಳಗಿಸುತ್ತಿದ್ದ. ಒಂದೇ ಕೋಣೆಯಲ್ಲಿ ಮೂರು ತರಗತಿ ನಡೆಸಿದವರಿಗೆ ಈ ಚಿತ್ರ ಚೆನ್ನಾಗಿ ಅರ್ಥವಾಗುತ್ತದೆ. ಇದನ್ನು ಬರೆದವನು ಸುಮಾರು ಇನ್ನೂರು ವರ್ಷಗಳ ಅನಂತರ ಓಹ್ರಿದ್‌ಗೆ ಬಂದ ಥಿಯೊಫಿಲ್ಯಾಕ್ಟ್ ಎಂಬ ಗ್ರೀಕ್ ಆರ್ಚ್‌ಬಿಷಪ್ ಎನ್ನುತ್ತಾರೆ. ತನ್ನ ಕಾಗದಗಳಲ್ಲಿ ಅಲ್ಲಿಯ ಜನರನ್ನು ಒರಟರೆಂದು ಜರೆದವನು ಅವನು. ಅಂಥವನಿಂದಲೂ ಹೊಗಳಿಸಿಕೊಂಡ ಮೇಷ್ಟ್ರು ಕ್ಲೆಮೆಂಟ್!

ಬೋರಿಸನ ಮಗ ಸಿಮಿಯೋನ್ 893ರಲ್ಲಿ ಕ್ಲೆಮೆಂಟನನ್ನು ಬಿಷಪ್ ಮಾಡಿದ. ಬಿಟ್ಟ ಉಪಾಧ್ಯಾಯಗಿರಿ ನೌಮನಿಗೆ ಬಂತು. ಪಟ್ಟ ಸಿಕ್ಕಿದರೂ ಕ್ಲೆಮೆಂಟನ ಕೆಲಸ ಬದಲಾಗಲಿಲ್ಲ. ಅವನ ಕೈಕೆಳಗಿನ ಪಾದ್ರಿಗಳು ಗ್ರೀಕ್ ಅಕ್ಷರ ಕೂಡಿಸಿ ಓದುತ್ತಿದ್ದರೇ ಹೊರತು ಓದಿದ್ದು ಅವರಿಗೇ ತಿಳಿಯುತ್ತಿರಲಿಲ್ಲ. ಅದಕ್ಕಾಗಿ ಒಂದೊಂದು ಹಬ್ಬಕ್ಕೂ ಹಳ್ಳಿಯವರಿಗೆ ತಿಳಿಯುವಂಥ ಸರಳ ಪ್ರವಚನ ಬರೆದುಕೊಟ್ಟ. ಆ ಸೀಮೆಯಲ್ಲಿ ಕಾಡುಮರಗಳೇ ಹೆಚ್ಚೆಂದು ಗ್ರೀಕರ ನಾಡಿನಿಂದ ಹಣ್ಣಿನ ಗಿಡಗಳನ್ನು ತರಿಸಿ ಕಸಿ ಕಟ್ಟಿಸಿದನಂತೆ.

ಇಂದಿನ ಸಿರಿಲಿಕ್ ಲಿಪಿಯನ್ನೂ ಕ್ಲೆಮೆಂಟನೇ ಮಾಡಿದನೆಂದು ಹೇಳುವವರುಂಟು. ಅದು ಬಲ್ಗೇರಿಯದ ಪೂರ್ವಭಾಗದಲ್ಲಿ, ಗ್ರೀಕ್ ಅಕ್ಷರಗಳ ಮಾದರಿಯಲ್ಲಿ ರೂಪುಗೊಂಡಿತೆಂದು ವಿದ್ವಾಂಸರಲ್ಲಿ ಹೆಚ್ಚಿನವರ ಅಭಿಪ್ರಾಯ. ಓಹ್ರಿದ್‌ನಲ್ಲಿ ಗುರು ಕಲಿಸಿದ ಗ್ಲಾಗೊಲಿಟಿಕ್ಕೇ ಬಹುಕಾಲ ನಡೆಯಿತು.

ಮುಪ್ಪು ಆವರಿಸಿದಾಗ ಪಟ್ಟದಿಂದ ಬಿಡುಗಡೆ ಬೇಡಿಕೊಂಡ, ಸಿಮಿಯೋನ್ ಒಪ್ಪಲಿಲ್ಲ. ಮಠಕ್ಕೆ ಮರಳಿ, ಈಸ್ಟರಿನಿಂದ ಪೆಂಟೆಕಾಸ್ಟ್ ಹಬ್ಬದವರೆಗೆ ಹಾಡುವ ಸ್ತೋತ್ರಪುಸ್ತಕದಲ್ಲಿ ಉಳಿದಿದ್ದ ಭಾಗದ ಅನುವಾದವನ್ನು ಮುಗಿಸಿದ. 916ರ ಜುಲೈ 27ರಂದು ತೀರಿಕೊಂಡ. ಓಹ್ರಿದ್‌ನಲ್ಲಿ ತಾನೇ ಕಟ್ಟಿಸಿದ್ದ ಸಂತ ಪ್ಯಾಂಟೆಲೈಮೋನ್ ಮಠದಲ್ಲಿ ಅವನನ್ನು ಹೂಳಿದರು.