ಕೋಡಿಯ ಮಠದ ಅನ್ನವೂ ಔಷಧವೂ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ ಬಳ್ಳಿಗಾವೆಯೆಂಬ ಗ್ರಾಮವುಂಟು. ಇಂದು ಅದು ಸಣ್ಣ ಊರು. ಹನ್ನೆರಡನೆಯ ಶತಮಾನದಲ್ಲಾದರೋ ಬನವಾಸಿ ನಾಡಿಗೆ ರಾಜಧಾನಿಯಾಗಿ, ವರ್ತಕರಿಂದಲೂ ವಿದ್ವಾಂಸರಿಂದಲೂ ತುಂಬಿದ್ದ ಪಟ್ಟಣವಾಗಿತ್ತು. ಅಲ್ಲಿಯ ಕೆರೆಯ ಸಮೀಪದಲ್ಲಿ ದಕ್ಷಿಣ ಕೇದಾರೇಶ್ವರನ ತ್ರಿಕೂಟಾಲಯವು ಈಗಲೂ ನಿಂತಿರುವುದು. ಅದನ್ನು ಆಶ್ರಯಿಸಿದ್ದ ಕಾಳಾಮುಖ ಶೈವ ಯತಿಗಳ ಮಠವೇ ಕೋಡಿಯ ಮಠ.

ಕಳಚುರಿ ಬಿಜ್ಜಳನ ಕಾಲದ, ಕ್ರಿ. ಶ. 1162ರ ಶಾಸನವೊಂದು ಈ ಮಠವನ್ನು ವರ್ಣಿಸುತ್ತದೆ. ಬಿ. ಎಲ್. ರೈಸ್ ಮಹಾಶಯರು 1902ರಲ್ಲಿ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದಂದಿನಿಂದ ಇದು ವಿದ್ವಾಂಸರಿಗೆ ಪರಿಚಿತವಾದುದೇ. ಆದರೆ ಇದನ್ನು ಉದಾಹರಿಸುವವರು ಸಾಮಾನ್ಯವಾಗಿ ವಿದ್ಯೆಯ ಭಾಗದಲ್ಲಿಯೇ ನಿಂತುಬಿಡುವರು. ನಾಲ್ಕು ವೇದಗಳು, ಪಾಣಿನಿ ಶಾಕಟಾಯನರ ವ್ಯಾಕರಣ, ಬೌದ್ಧವನ್ನೂ ಒಳಗೊಂಡ ದರ್ಶನಗಳು, ಪುರಾಣ, ಕಾವ್ಯ, ನಾಟಕ ಇವೆಲ್ಲವುಗಳ ವ್ಯಾಖ್ಯಾನಕ್ಕೆ ಈ ಮಠವು ಸ್ಥಾನವಾಗಿದ್ದಿತೆಂದು ಹೇಳಿ, ಶಾಸನಕಾರನು ಅದೇ ಉಸಿರಿನಲ್ಲಿ ಮುಂದುವರಿಯುತ್ತಾನೆ. ಇದು ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ತಡೆಯಿಲ್ಲದೆ ಅನ್ನವನ್ನಿಕ್ಕುವ ಸ್ಥಾನ. ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರದ ಸ್ಥಾನ. ಸಕಲ ಪ್ರಾಣಿಗಳಿಗೂ ಅಭಯವನ್ನೀಯುವ ಸ್ಥಾನ.

ಅನ್ನ ಪಡೆಯುವವರ ಪಟ್ಟಿಯಲ್ಲಿ ಕಥಕರೂ ಗಾಯಕರೂ ಕೊಳಲೂದುವವರೂ ನರ್ತಕರೂ ಸೇರಿದ್ದಾರೆ. ಕಲೆಯಿಂದ ಹೊಟ್ಟೆ ತುಂಬದವರ ಕಷ್ಟ ಆ ಕಾಲಕ್ಕೂ ಹೊಸದಾಗಿರಲಿಲ್ಲವೆಂದು ತೋರುತ್ತದೆ. ಅದಕ್ಕಿಂತ ಗಮನಾರ್ಹವಾದುದು, ಜೈನ ಕ್ಷಪಣಕರನ್ನೂ ಏಕದಂಡಿ ತ್ರಿದಂಡಿ ಸನ್ಯಾಸಿಗಳನ್ನೂ ನಾನಾದೇಶದ ಭಿಕ್ಷುಕರನ್ನೂ ಅದೇ ಪಂಕ್ತಿಯಲ್ಲಿ ಎಣಿಸಿರುವುದು. ಶಾಸ್ತ್ರವಾದದಲ್ಲಿ ಯಾರನ್ನು ಖಂಡಿಸುತ್ತಿದ್ದರೋ, ಹಸಿವಾದಾಗ ಅವರಿಗೂ ಎಲೆ ಹಾಕುತ್ತಿದ್ದರು.

ಪ್ರಶಸ್ತಿಯ ಮಾತುಗಳಲ್ಲಿ ಉತ್ಪ್ರೇಕ್ಷೆಯನ್ನು ಕಳೆದೇ ಎಣಿಸಬೇಕಾದುದು ನ್ಯಾಯ. ಈ ವರ್ಣನೆಯಲ್ಲಿ ಮಂಚಗಳ ಲೆಕ್ಕವಿಲ್ಲ, ವೈದ್ಯನ ಹೆಸರಿಲ್ಲ. ಆದರೆ ಇಂತಹ ಏರ್ಪಾಟು ಕೇವಲ ಕವಿಕಲ್ಪನೆಯಲ್ಲವೆಂಬುದಕ್ಕೆ ತಮಿಳುನಾಡಿನ ತಿರುಮುಕ್ಕೂಡಲಿನ ಶಾಸನವು ಸಾಕ್ಷಿ. ಚೋಳ ವೀರರಾಜೇಂದ್ರನ ಕಾಲದ, ಸುಮಾರು 1069ರ ಆ ಶಾಸನವು ವಿಷ್ಣುದೇವಾಲಯಕ್ಕೆ ಸೇರಿದ ಪಾಠಶಾಲೆ, ವಿದ್ಯಾರ್ಥಿನಿಲಯಗಳೊಡನೆ 15 ಹಾಸಿಗೆಗಳ ಆತುರಶಾಲೆಯನ್ನೂ ಹೇಳುತ್ತದೆ. ಒಬ್ಬ ವೈದ್ಯ, ಒಬ್ಬ ಶಸ್ತ್ರಚಿಕಿತ್ಸಕ, ಮೂಲಿಕೆ ತರುವ ಇಬ್ಬರು, ಶುಶ್ರೂಷೆಗೆ ಇಬ್ಬರು ಹೆಂಗಸರು, ಕ್ಷೌರಿಕ, ಇವರಿಗೆಲ್ಲ ವೇತನ ಗೊತ್ತುಮಾಡಿತ್ತು. ಔಷಧಗಳ ಹೆಸರುಗಳನ್ನು ಸಹ ಕಲ್ಲಿನಲ್ಲಿ ಕೆತ್ತಿಸಿದ್ದಾರೆ.

ಇದರ ಹಿಂದಿದ್ದ ಭಾವನೆ ಇನ್ನೂ ಹಳೆಯದು. ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಚರಕಸಂಹಿತೆಯು ಹೇಳುತ್ತದೆ. ಪರಿಚಾರಕನಿಗೆ ಉಪಚಾರಜ್ಞಾನ, ದಕ್ಷತೆ, ಶುಚಿತ್ವಗಳು ಮಾತ್ರ ಸಾಲವು, ರೋಗಿಯಲ್ಲಿ ಅನುರಾಗವೂ ಇರಬೇಕು. ಪ್ರೀತಿಯನ್ನು ಉದ್ಯೋಗದ ಅರ್ಹತೆಗಳಲ್ಲಿ ಎಣಿಸಿದ ಶಾಸ್ತ್ರವಿದು! ಮನೆಯುಳ್ಳ ರೋಗಿಗೆ ಆ ಅನುರಾಗವು ತಾಯಿಯಿಂದಲೋ ಮಡದಿಯಿಂದಲೋ ದೊರೆಯುವುದು; ಯಾರೂ ಇಲ್ಲದವನಿಗೆ ಕಷಾಯ ಕೊಟ್ಟು ಕಳುಹಿಸಿದರೆ ಪಥ್ಯವನ್ನು ಬೇಯಿಸುವವರಾರು? ಮಠದ ವರ್ಣನೆಯಲ್ಲಿ ರೋಗಿಗೆ ‘ಅನಾಥ’ನೆಂಬ ವಿಶೇಷಣವಿರುವುದೂ, ಔಷಧದ ಮೊದಲು ಅನ್ನ, ಅನಂತರ ಅಭಯ ಬಂದಿರುವುದೂ ಈ ಪ್ರಶ್ನೆಯನ್ನು ಅರಿತವರ ಮಾತಿನಂತಿವೆ.

ಮುಂದೆ ಕಾಲವು ಬದಲಾಯಿತು. ಕಾಳಾಮುಖರು ಮರೆಯಾದರು, ಪಟ್ಟಣವು ಕ್ಷೀಣಿಸಿತು. ಮೈಸೂರು ಸಂಸ್ಥಾನದ ಆಡಳಿತದಲ್ಲಿ ಸರ್ಕಾರಿ ಆಸ್ಪತ್ರೆಗಳು ಹೆಚ್ಚಿ, ಹಿಂದೆ ವಾಸಿಯಾಗದಿದ್ದ ಎಷ್ಟೋ ರೋಗಗಳು ವಾಸಿಯಾದವು. ಆ ಉಪಕಾರವು ಸಣ್ಣದಲ್ಲ. ಆದರೆ ಛತ್ರಗಳು ಮುಜರಾಯಿ ಇಲಾಖೆಗೂ ಆಸ್ಪತ್ರೆಗಳು ವೈದ್ಯಕೀಯ ಇಲಾಖೆಗೂ ಸೇರಿದವು. ಗುಣಹೊಂದಿದ ಅನಾಥನು ಹೊರಬಾಗಿಲಲ್ಲಿ ನಿಂತು ಇನ್ನೆಲ್ಲಿಗೆ ಹೋಗಬೇಕೆಂಬುದು ಎರಡು ದಫ್ತರಗಳಿಗೂ ಸೇರದ ವಿಷಯವಾಯಿತು.